ಕಂಡಕ್ಟರನ ಉಚ್ಚಿ ಚೀಲ, ನಾನು ಬರೆದ ಎರಡಕ್ಷರ

ಎಕ್ಸ್‌ರೇ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ನನ್ನನ್ನು ಕೇಳುವುದುಂಟು, "ಅಕ್ಕೋರ, ಈ ಕೆಲಸದಾಗ ಎಲ್ಲಾಕ್ಕಿಂತ ಕಠಿಣ ಯಾವುದ್ರಿ?" ಕಿರಣ, ಡೋಸು, ಕೋನ ಅಂತ ಏನಾದರೂ ಹೇಳುತ್ತೇನೆಂದು ಕಾಯುತ್ತಾರೆ. ನಾನು ಹೇಳುವುದು ಒಂದೇ: ಸೇಫ್ಟಿ ಪಿನ್ನು. ನಮ್ಮ ಕಡೆಯ ಹೆಣ್ಣುಮಕ್ಕಳು ಮೈಮೇಲೆ ಎಷ್ಟು ಪಿನ್ನು ಇಟ್ಟುಕೊಂಡಿರುತ್ತಾರೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಬಳೆಯಲ್ಲಿ ನಾಲ್ಕು, ತಾಳಿಯಲ್ಲಿ ಎರಡು, ಕುಪ್ಪಸದಲ್ಲಿ ದೇವರೇ ಬಲ್ಲ.

ಅಂಕಲಗಿಯ ಒಬ್ಬ ಅಜ್ಜಿ ಕೆಮ್ಮು ಅಂತ ಬಂದಿದ್ದಳು. "ಎಲ್ಲಾ ತಗದೀಯೇನು ಯವ್ವಾ?" ಅಂದೆ. "ಎಲ್ಲಾ ತಗದೇನು, ನಿನ್ನಾಣಿ," ಅಂದಳು. ಫಿಲ್ಮ್ ತೊಳೆದು ನೋಡಿದರೆ ಎದೆಯ ನಟ್ಟನಡುವೆ ಒಂದು ದೊಡ್ಡ ಕೀಲಿಕೈ! ನಮ್ಮ ಡಾಕ್ಟರು ಅದನ್ನು ನೋಡಿ, "ಈಕಿ ಕೀಲಿ ನುಂಗ್ಯಾಳ, ಲಗೂನ ಬೆಳಗಾವಿಗೆ ಕಳಸ್ರಿ," ಎಂದು ಕೂಗಾಡಿದರು. ಅಜ್ಜಿ ಕುಪ್ಪಸದೊಳಗೆ ಕೈ ಹಾಕಿ ಟ್ರಂಕಿನ ಕೀಲಿ ತೆಗೆದು ತೋರಿಸಿದಳು. "ಸೊಸಿ ಕೈಯಾಗ ಕೊಟ್ಟು ಬರಾಕ ನನಗೇನ ಹುಚ್ಚ ಹಿಡದೈತೇನು?" ಅಂದಳು. ಅವಳ ಕೆಮ್ಮಿನ ಮಾತು ಆಮೇಲೆ ಬಂತು.

ಆಗ ಎಕ್ಸ್‌ರೇಗೆ ಜನ ಫೋಟೋ ಅನ್ನುತ್ತಿದ್ದರು. ನಾನು ಫೋಟೋ ಅಕ್ಕೋರು. ಮೊಣಕಾಲಿನ ಫೋಟೋಕ್ಕೆ ಪೌಡರ್ ಹಚ್ಚಿಕೊಂಡು, ಹೊಸ ಪಟಕಾ ಸುತ್ತಿಕೊಂಡು ಬಂದ ಗಂಡಸರನ್ನು ನಾನು ಕಂಡಿದ್ದೇನೆ. ಮುಖ ಬರುವುದಿಲ್ಲ ಅಂದರೆ ಅವರಿಗೆ ಆಗುವ ನಿರಾಸೆ ಕಾಲು ಮುರಿದದ್ದಕ್ಕಿಂತ ದೊಡ್ಡದು.

ಮೂವತ್ತು ವರ್ಷ ನಾನು ಒಬ್ಬರೇ ಡಾಕ್ಟರರ ಕೈಕೆಳಗೆ ದುಡಿದೆ. ಹೆಸರು ಹೇಳುವುದಿಲ್ಲ. ಸಾಹೇಬ್ರು ಅಂದರೆ ಸಾಕು. ಅವರವು ಮೂರು ಕೇಂದ್ರಗಳಿದ್ದವು: ಗೋಕಾಕದಲ್ಲಿ ದೊಡ್ಡದು, ಮೂಡಲಗಿಯಲ್ಲಿ ಎರಡು ಕೋಣೆಯದು, ಹುಕ್ಕೇರಿಯಲ್ಲಿ ಒಂದು ಕೋಣೆ ಮತ್ತು ಒಂದು ಬೆಂಚು. ವಾರದಲ್ಲಿ ಮೂರು ದಿನ ಗೋಕಾಕ, ಎರಡು ದಿನ ಮೂಡಲಗಿ, ಒಂದು ದಿನ ಹುಕ್ಕೇರಿ. ಸಾಹೇಬ್ರು ಕಾರಿನಲ್ಲಿ ತಮಗೆ ತಿಳಿದಾಗ ಬರುತ್ತಿದ್ದರು, ನಾನು ಬಸ್ಸಿನಲ್ಲಿ ದಿನವೂ.

ಹುಕ್ಕೇರಿಯಲ್ಲಿ ಒಮ್ಮೆ ಒಬ್ಬ ಮುದುಕನಿಗೆ "ಉಸರ ಹಿಡೀರಿ" ಅಂದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಹೊರಗೆ ಹೋಗಿ ಮೀಟರ್ ನೋಡಿ, ಬಾಜೂ ಅಂಗಡಿಯವನನ್ನು ವಿಚಾರಿಸಿ ಬಂದರೆ ಮುದುಕ ಕಣ್ಣು ಕೆಂಪಗೆ ಮಾಡಿಕೊಂಡು ಗಲ್ಲ ಉಬ್ಬಿಸಿ ನಿಂತೇ ಇದ್ದ. "ಅಯ್ಯ, ಬಿಡ್ರಿ ಮಾರಾಯ್ರ!" ಎಂದು ಚೀರಿದೆ. ಅವನು ಉಸಿರು ಬಿಟ್ಟು, "ಬಿಡು ಅಂತ ನೀವ ಹೇಳಲೇ ಇಲ್ಲಲ್ರಿ," ಅಂದ. ಈ ಕೆಲಸದಲ್ಲಿ ನೀವು ಏನು ಹೇಳುತ್ತೀರೋ ಜನ ಅದನ್ನೇ ನಂಬುತ್ತಾರೆ. ಅವತ್ತು ನಾನು ಅದನ್ನು ತಮಾಷೆ ಅಂದುಕೊಂಡಿದ್ದೆ.

ಆಗ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ರಸಾಯನದ ತೊಟ್ಟಿಗಳಲ್ಲಿ ಅದ್ದಿ ತೊಳೆದು, ಬಟ್ಟೆಯ ಹಾಗೆ ಚಿಮಟಿಗೆ ಸಿಕ್ಕಿಸಿ ಒಣಗಿಸಬೇಕಿತ್ತು. ಬೆರಳ ತುದಿ ಹಳದಿಯಾಗಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ನನ್ನ ಗಂಡ, "ನಿನ್ನ ಕೈ ಕೆಟ್ಟ ಉಪ್ಪಿನಕಾಯಿ ನಾರಿದಂಗ ನಾರತಾವ," ಅಂದ. ಅಡಿಗೆ ನೀನೇ ಮಾಡು ಅಂದೆ. ಆಮೇಲೆ ಆ ಮಾತು ಎತ್ತಲಿಲ್ಲ.

ಸಾಹೇಬ್ರಿಗೆ ಒಂದು ಚಟವಿತ್ತು. ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲೆ ಇಟ್ಟು ನೋಡುವವರಲ್ಲ. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು, ಚಷ್ಮಾ ಹಣೆಗೇರಿಸಿ, ಓಣಿಗೆಲ್ಲ ಕೇಳುವಂತೆ ತೀರ್ಪು ಕೊಡುತ್ತಿದ್ದರು. ಗೊತ್ತಾಗದಿದ್ದಾಗ ನನ್ನ ಕಡೆ ತಿರುಗಿ, ಪರೀಕ್ಷೆ ಮಾಡುವವರ ಹಾಗೆ, "ಏನಂತೀ ಶಾಂತಾ?" ಅನ್ನುತ್ತಿದ್ದರು. ಅದು ಪರೀಕ್ಷೆಯಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಖರೆ ಹೇಳಬೇಕೆಂದರೆ, ಡಾಕ್ಟರ್ ನನ್ನನ್ನು ಕೇಳುತ್ತಾರೆ ಅನ್ನುವುದು ನನಗೆ ಬಹಳ ಹಿಡಿಸುತ್ತಿತ್ತು.

ಈಗ ಬಾಬಾಲಾಲನ ಕಥೆಗೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದೇ ಅವನ ಸಲುವಾಗಿ.

ಬಾಬಾಲಾಲ ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನ ಕಂಡಕ್ಟರ್. ಮೈತುಂಬ ಗಂಟುಗಳು. ತಲೆಯಿಂದ ಅಂಗಾಲಿನ ತನಕ, ಬಟಾಣಿಯಷ್ಟು, ಗೋಲಿಯಷ್ಟು, ಕೆಲವು ನಿಂಬೆಹಣ್ಣಿನಷ್ಟು, ಎಲ್ಲ ಮೆತ್ತಗೆ. ಬೆನ್ನ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆಗಳು. ಅವನ ಅಪ್ಪನಿಗೂ ಹಾಗೇ ಇತ್ತಂತೆ. ಹುಟ್ಟಿನಿಂದ ಬರುವ ದೋಷ, ಔಷಧವಿಲ್ಲ, ಅಪಾಯವೂ ಇಲ್ಲ ಅಂತ ಯಾರೋ ಡಾಕ್ಟರು ಹೇಳಿದ್ದರು. ಹೊಸ ಪ್ಯಾಸೆಂಜರು ಯಾರಾದರೂ ಅವನ ಕೈಯಿಂದ ಟಿಕೆಟ್ ತೆಗೆದುಕೊಳ್ಳಲು ಹಿಂಜರಿದರೆ, "ತಗೋರಿ ತಗೋರಿ, ಬರೇ ಟಿಕೇಟ ಕೊಡಾಕತ್ತೇನಿ. ಗಂಟು ನನ್ನ ಸ್ವಂತದ್ದು, ಯಾರಿಗೂ ಕೊಡೂದಿಲ್ಲ," ಎನ್ನುತ್ತಿದ್ದ. ಬಸ್ಸು ನಗುತ್ತಿತ್ತು. ಮೂಡಲಗಿ ಮುಟ್ಟುವಷ್ಟರಲ್ಲಿ ಅವರಿಗೆ ಗಂಟು ಕಾಣುತ್ತಿರಲಿಲ್ಲ, ಬಾಬಾಲಾಲ ಕಾಣುತ್ತಿದ್ದ. ಆ ಬಸ್ಸು ಅವನಿಗೆ ಅಷ್ಟು ದೊಡ್ಡದು.

ಒಂದು ಸಲ ಕೆಮ್ಮು ಅಂತ ಎದೆಯ ಫೋಟೋಕ್ಕೆ ಬಂದ. ಸಾಹೇಬ್ರು ಫಿಲ್ಮನ್ನು ಬಿಸಿಲಿಗೆ ಹಿಡಿದರು. ಪುಪ್ಪಸದ ಮೇಲೆ ಎಂಟೊಂಬತ್ತು ದುಂಡಗಿನ ನೆರಳು. "ಮುಗೀತು. ಕ್ಯಾನ್ಸರು, ತುಂಬ ಹಬ್ಬೇತಿ," ಎಂದು ಓಣಿಗೇ ಸಾರಿದರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಬಾಬಾಲಾಲ ಹಾಗೇ ಬೆಂಚಿನ ಮೇಲೆ ಕುಸಿದ. ನನಗೆ ಸಿಟ್ಟು ಬಂತು. ಅವನ ಅಂಗಿ ಮತ್ತೆ ಬಿಚ್ಚಿಸಿದೆ. ಡಬ್ಬಿಯಲ್ಲಿ ಕೂಡಿಟ್ಟಿದ್ದ ಹೆಣ್ಣುಮಕ್ಕಳ ಪಿನ್ನುಗಳ ತಂತಿ ಬಗ್ಗಿಸಿ ಸಣ್ಣ ಸಣ್ಣ ಉಂಗುರ ಮಾಡಿ, ಎದೆ ಬೆನ್ನಿನ ಒಂದೊಂದು ಗಂಟಿನ ಸುತ್ತಲೂ ಪಟ್ಟಿಯಿಂದ ಅಂಟಿಸಿ ಇನ್ನೊಂದು ಫೋಟೋ ತೆಗೆದೆ. ಹೊಸ ಫಿಲ್ಮಿನಲ್ಲಿ ಪ್ರತಿ ನೆರಳಿನ ಸುತ್ತ ಒಂದು ಉಂಗುರ.

"ಸಾಹೇಬ್ರ, ಇವು ಪುಪ್ಪಸದಾಗ ಇಲ್ರಿ. ಅಂಗಿ ಒಳಗ ಅದಾವ," ಅಂದೆ.

ಸಾಹೇಬ್ರು ಚಷ್ಮಾ ಹಣೆಯಿಂದ ಮೂಗಿಗೆ ಇಳಿಸಿದರು. "ನಾನೂ ಹಂಗ ಅನಕೊಂಡಿದ್ದೆ," ಅಂದರು.

ಅವತ್ತಿನಿಂದ ಬಾಬಾಲಾಲನ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ನನ್ನದಾಯಿತು. ಮೂರೂ ಊರಿನಲ್ಲಿ ನನ್ನ ಹೆಸರು ಹಬ್ಬಿತು. ಯಾರ ಫಿಲ್ಮಿನಲ್ಲಿ ದುಂಡಗಿನ ನೆರಳು ಕಂಡರೂ ಸಾಹೇಬ್ರು, "ಶಾಂತಾನ್ನ ಕರೀರಿ," ಅನ್ನುವರು. ನಾನು ಬಂದು ಒಮ್ಮೆ ನೋಡಿ ಹೇಳಿಬಿಡುತ್ತಿದ್ದೆ. ಸೊಕ್ಕು ಬಂದಿತ್ತು ನನಗೆ, ಬೇರೆ ಶಬ್ದ ಇಲ್ಲ ಅದಕ್ಕೆ.

ಕೆಲವು ವರ್ಷ ಕಳೆದ ಮೇಲೆ ಬಾಬಾಲಾಲ ಸ್ಟಾಪ್ ಇಲ್ಲದ ಕಡೆ ಸೀಟಿ ಊದಲು ಶುರು ಮಾಡಿದ. ಅರಭಾವಿ ಕಾಲೇಜು ದಾಟಿದ ಕೂಡಲೇ ಒಮ್ಮೆ, ಕಾಲುವೆಯ ಹತ್ತಿರ ಒಮ್ಮೆ, ಮೂಡಲಗಿಗೆ ಇನ್ನೂ ಸ್ವಲ್ಪ ಇದೆ ಅನ್ನುವಾಗ ಮತ್ತೊಮ್ಮೆ. ಬಸ್ಸು ನಿಲ್ಲುವುದೇ ತಡ, ಕಬ್ಬಿನ ಮರೆಗೆ ಓಡುತ್ತಿದ್ದ. ಓಡಿದರೂ ಹನಿ ಹನಿಯೇ ಬರುತ್ತಿತ್ತಂತೆ. ಮೊದಮೊದಲು ಜನ ನಕ್ಕರು. "ಕಂಡಕ್ಟರ್ ಸಾಹೇಬ್ರ, ನಿಮ್ಮ ಉಚ್ಚಿಗೊಂದು ಬೋರ್ಡ್ ಹಾಕಸ್ರಿ, ನಾವೂ ಅಲ್ಲೇ ಇಳೀತೇವಿ," ಅಂದರು. ಆಮೇಲೆ ಕಾಲೇಜಿಗೆ, ಕೋರ್ಟಿಗೆ ಹೊತ್ತಾಗುವವರು ಡಿಪೋಕ್ಕೆ ದೂರು ಬರೆದರು. ಇನ್ನೊಂದು ದೂರು ಬಂದರೆ ಬಸ್ಸಿನಿಂದ ಇಳಿಸಿ ಆಫೀಸಿನಲ್ಲಿ ಕೂರಿಸುತ್ತೇವೆ ಅಂತ ಅವನಿಗೆ ತಾಕೀತು ಬಂತು.

"ಆಫೀಸಿನ್ಯಾಗ ಕುಂತ್ರ ಮುಂಜಾನಿಂದ ಸಂಜೀತನಕ ಅದ ನಾಕ ಮಂದಿ ನನ್ನ ಮಾರೀನ ನೋಡ್ತಾರ್ರಿ ಅಕ್ಕೋರ," ಎಂದ ಒಂದು ದಿನ. "ಬಸ್ಸಿನ್ಯಾಗ ಹಂಗಲ್ಲ. ನೋಡೂದ್ರಾಗ ಇಳದ ಹೊಕ್ಕಾರ."

ಆಮೇಲೆ ಉಚ್ಚೆಯಲ್ಲಿ ರಕ್ತ ಬಂತು. ಮೂಡಲಗಿಯ ಡಾಕ್ಟರೊಬ್ಬರು ಹರಳಿರಬೇಕು ಅಂತ ಬಣ್ಣದ ಫೋಟೋಕ್ಕೆ ಕಳಿಸಿದರು. ರಕ್ತನಾಳಕ್ಕೆ ಒಂದು ಔಷಧ ಚುಚ್ಚಿದರೆ ಅದು ಕಿಡ್ನಿಯಲ್ಲಿ ಸೋಸಿ ಕೆಳಗೆ ಮೂತ್ರಚೀಲದಲ್ಲಿ ತುಂಬಿಕೊಳ್ಳುತ್ತದೆ. ಅಲ್ಲೆಲ್ಲ ಫಿಲ್ಮ್ ಬೆಳ್ಳಗೆ ಕಾಣುತ್ತದೆ. ಈಗ ಸ್ಕ್ಯಾನಿಂಗ್ ಬಂದು ಈ ಫೋಟೋ ತೆಗೆಯುವುದೇ ಕಡಿಮೆಯಾಗಿದೆ. ಆಗ ಅದೇ ದೊಡ್ಡದು.

ಅವತ್ತು ಮೂಡಲಗಿ ಸಂತೆ. ಹೊರಗೆ ಜನವೋ ಜನ, ಒಬ್ಬಳ ಕೋಳಿ ಬೇರೆ ಬೆಂಚಿನ ಕೆಳಗೆ ಹಾರಾಡುತ್ತಿತ್ತು. ಸಾಹೇಬ್ರು ಔಷಧ ಚುಚ್ಚಿ, ಹುಕ್ಕೇರಿಯಲ್ಲಿ ಯಾವುದೋ ಮದುವೆಗೆ ಹೋಗಲು ಕಾರು ಚಾಲೂ ಇಟ್ಟೇ ನಿಂತಿದ್ದರು. ನಾನು ಹಸಿ ಫಿಲ್ಮ್ ತಂದು ಕೈಗೆ ಕೊಟ್ಟೆ. ಮೂತ್ರಚೀಲ ಬೆಳ್ಳಗೆ ತುಂಬಿತ್ತು. ಎಡಗಡೆ ಕೆಳಗೆ ನಿಂಬೆಹಣ್ಣಿನಷ್ಟು ಒಂದು ಕಪ್ಪು ಕಲೆ.

"ಹರಳ ಅಂತೂ ಇಲ್ಲ. ಇದು? ಏನಂತೀ ಶಾಂತಾ?" ಎಂದರು ಸಾಹೇಬ್ರು.

ಬಾಬಾಲಾಲನನ್ನು ಮಲಗಿಸುವಾಗ ಅವನ ಕಿಬ್ಬೊಟ್ಟೆಯ ಎಡಗಡೆ ಒಂದು ನಿಂಬೆಯಂಥ ಗಂಟು ನೋಡಿದ್ದೆ. "ಮೈಮ್ಯಾಲಿನ ಗಂಟ್ರಿ. ಚರ್ಮದ್ದು," ಅಂದೆ. ಉಂಗುರ ಅಂಟಿಸಿ ಇನ್ನೊಂದು ತೆಗೆಯೋಣ ಅನ್ನಲಿಲ್ಲ. ನನಗೆ ಉಂಗುರದ ಅವಶ್ಯಕತೆ ಏನಿದೆ, ನಾನು ಶಾಂತಾ ಅಲ್ಲವೇ! ಫಿಲ್ಮಿನ ಮೇಲೆ ಕೆಂಪು ಮೇಣದ ಪೆನ್ಸಿಲಿನಿಂದ ಆ ಕಲೆಯ ಸುತ್ತ ಒಂದು ಗೆರೆ ಎಳೆದು, ಬಾಜೂಕ್ಕೆ ದೊಡ್ಡದಾಗಿ "ಚರ್ಮ" ಎಂದು ಬರೆದೆ. ಸಾಹೇಬ್ರು ಕಾರು ಹತ್ತಿದರು. ರಿಪೋರ್ಟಿನಲ್ಲಿ ಎಲ್ಲ ಸರಿ ಇದೆ ಅಂತ ಬಂತು.

ಹೊಸಬರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಚರ್ಮದ ಮೇಲಿನ ಗಂಟು ಮೈಯ ದಪ್ಪವನ್ನು ಹೆಚ್ಚಿಸುತ್ತದೆ. ಹೆಚ್ಚಿಸಿದರೆ ಫಿಲ್ಮಿನಲ್ಲಿ ಅಲ್ಲಿ ಇನ್ನಷ್ಟು ಬೆಳ್ಳಗಾಗಬೇಕು. ಅಲ್ಲಿದ್ದದ್ದು ಕಪ್ಪು. ಅಂದರೆ ಬಿಳಿಯ ಔಷಧ ಆ ಜಾಗಕ್ಕೆ ಹೋಗಲು ಆಗಿರಲಿಲ್ಲ, ಚೀಲದ ಒಳಗೇ ಏನೋ ಕೂತು ಜಾಗ ಹಿಡಿದಿತ್ತು. ಇದನ್ನು ಮೊದಲ ವರ್ಷದ ಹುಡುಗಿಯೂ ಹೇಳುತ್ತಾಳೆ. ನನಗೂ ಗೊತ್ತಿತ್ತು. ಆದರೆ ಯಾವುದನ್ನು ಗುರುತಿಸಿ ಹೆಸರು ಮಾಡಿದ್ದೆನೋ ನನಗೆ ಅದೇ ಕಂಡಿತು.

ಬಾಬಾಲಾಲ ಫಿಲ್ಮನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೋದ. ಏನೂ ಇಲ್ಲ ಅಂತ ಖುಷಿಯಲ್ಲಿದ್ದ. ಎಲ್ಲರೂ ಉಷ್ಣ ಅಂದರು. ಬಸ್ಸಿನಲ್ಲಿ ಒಬ್ಬಳು ಧನಿಯಾ ನೀರು ಹೇಳಿದಳು, ಇನ್ನೊಬ್ಬ ಬಾರ್ಲಿ, ಮತ್ತೊಬ್ಬ ಎಳನೀರಿಗೆ ಏಲಕ್ಕಿ. ಪಾಪ, ಉಚ್ಚೆ ನಿಲ್ಲದವನಿಗೆ ದಿನಕ್ಕೆ ನಾಲ್ಕು ತಂಬಿಗೆ ನೀರು ಕುಡಿಸಿದರು! ಮೂರು ವರ್ಷ ಹೀಗೇ ನಡೆಯಿತು. ಆ ಮೂರು ವರ್ಷದಲ್ಲಿ ನಮ್ಮಲ್ಲಿ ಡಿಜಿಟಲ್ ಯಂತ್ರ ಬಂತು, ಕತ್ತಲೆ ಕೋಣೆಯಲ್ಲಿ ಸಾಹೇಬ್ರು ಹಳೇ ಕುರ್ಚಿ ತುಂಬಿದರು, ಫೋಟೋ ಜನರ ಮೊಬೈಲಿಗೆ ಹೋಗತೊಡಗಿತು. ನನ್ನ ಕೈ ನಾರುವುದು ನಿಂತಿತು.

ಆಮೇಲೆ ಒಂದು ದಿನ ಬಾಬಾಲಾಲನಿಗೆ ಉಚ್ಚೆ ಪೂರ್ತಿ ಕಟ್ಟಿತು, ಕಾಲು ಬಾತವು. ಬೆಳಗಾವಿಗೆ ಒಯ್ದರು. ಅಲ್ಲಿಯ ಮೂತ್ರರೋಗದ ಸರ್ಜನ್ ಸ್ಕ್ಯಾನ್ ಮಾಡಿಸಿ, ನಳಿಗೆ ಇಳಿಸಿ ನೋಡಿದರು. ಮೂತ್ರಚೀಲದೊಳಗೆ ಗಡ್ಡೆ. ಎಡ ಕಿಡ್ನಿಯಿಂದ ಬರುವ ನಾಳದ ಬಾಯನ್ನು ಅದು ಒತ್ತಿ ಹಿಡಿದು ಆ ಕಿಡ್ನಿ ಒಣಗಿಹೋಗಿತ್ತು. ಬಲದ್ದೂ ಈಗ ಉಬ್ಬುತ್ತಿತ್ತು. ಗಡ್ಡೆಯ ಮೇಲ್ಭಾಗದಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ ಏನೂ ತಿಳಿಯಲಿಲ್ಲ. ಕ್ಯಾನ್ಸರೇ ಇರಬೇಕು, ಮೂತ್ರಚೀಲ ಪೂರ್ತಿ ತೆಗೆದು ಹೊಟ್ಟೆಯ ಮೇಲೆ ಒಂದು ಚೀಲ ಕಟ್ಟಬೇಕು ಎಂದು ಆಪರೇಷನ್ನಿಗೆ ದಿನ ಗೊತ್ತುಮಾಡಿದರು.

ಅಲ್ಲಿಯ ತನಕ ಉಚ್ಚೆ ಇಳಿಯಲು ಹಾಕಿದ್ದ ನಳಿಗೆಯನ್ನು ಪ್ಯಾಂಟಿನೊಳಗೆ ಮುಚ್ಚಿಕೊಂಡೇ ಬಾಬಾಲಾಲ ಒಂದು ವಾರ ಡ್ಯೂಟಿಗೆ ಬಂದಿದ್ದ, ಹುಚ್ಚ. ಇದನ್ನೆಲ್ಲ ನನಗೆ ಹೇಳಿದ್ದು ಬಸ್ಸಿನಲ್ಲೇ, ಟಿಕೆಟ್ ಹರಿಯುತ್ತ.

"ಅಕ್ಕೋರ, ಇನ್ನ ಈ ಕಡೆ ಟಿಕೇಟ ಚೀಲ, ಆ ಕಡೆ ಉಚ್ಚಿ ಚೀಲ. ಗದ್ದಲದಾಗ ಚಿಲ್ಲರ ಕೊಡಾಕ ಯಾವುದರಾಗ ಕೈ ಹಾಕ್ತೇನೋ ಏನೋ!"

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಅವನು ಬಗ್ಗಿ ಮೆಲ್ಲಗೆ ಹೇಳಿದ, "ಬಸ್ಸಿಂದ ಇಳಸ್ತಾರ್ರಿ. ಚೀಲಾ ಕಟಗೊಂಡಾವನ್ನ ಯಾರ ಇಟಗೊಳ್ತಾರ?"

"ಗಡ್ಡಿ ಎಲ್ಲಿ ಐತಂತ?" ಅಂದೆ.

"ಎಡಗಡಿ. ಕೆಳಗ."

 ಆ ಫಿಲ್ಮು, ಆ ಕೋಳಿ, ಸಾಹೇಬ್ರ ಕಾರು, ನನ್ನ ಕೆಂಪು ಪೆನ್ಸಿಲು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಅವತ್ತು ಮೂಡಲಗಿಯಲ್ಲಿ ಒಬ್ಬನ ಬಲಗೈ ಬದಲು ಎಡಗೈ ಫೋಟೋ ತೆಗೆದೆ.

ಎರಡು ದಿನ ಬಾಯಿ ಬಿಡಲಿಲ್ಲ. ಈಗ ಹೇಳಿ ಏನುಪಯೋಗ ಅಂದುಕೊಂಡೆ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಶಾಲು ಹೊದಿಸಿಕೊಂಡು, ಫೇಡೆ ತಿಂದು, ಒಳ್ಳೆಯ ಹೆಸರು ಇಟ್ಟುಕೊಂಡು ಮನೆಗೆ ಹೋಗಬಹುದಿತ್ತು. ಮೂರನೆಯ ದಿನ ಚಪಾತಿ ಲಟ್ಟಿಸುವಾಗ ಒಂದು ವಿಚಾರ ಹೊಳೆಯಿತು. ಆಗಲೇ ಅದು ನಿಂಬೆಹಣ್ಣಿನಷ್ಟಿತ್ತು. ಈಗಲೂ ಅಷ್ಟೇ ಇದ್ದರೆ? ಕ್ಯಾನ್ಸರು ಮೂರು ವರ್ಷ ಕೈಕಟ್ಟಿ ಕೂರುವುದಿಲ್ಲ. ಹಾಗಾದರೆ ಅದು ಅವನ ಮೈಮೇಲಿನ ಗಂಟುಗಳ ಜಾತಿಯದೇ ಇರಬಹುದು, ಮೂತ್ರಚೀಲ ಉಳಿಯಬಹುದು. ಅದನ್ನು ತೋರಿಸಿಕೊಡುವ ವಸ್ತು ಲೋಕದಲ್ಲಿ ಒಂದೇ ಇತ್ತು, ಅದು ನಾನು "ಚರ್ಮ" ಅಂತ ಬರೆದ ಫಿಲ್ಮು. ಫಿಲ್ಮುಗಳನ್ನು ನಾವು ಇಟ್ಟುಕೊಳ್ಳುತ್ತಿರಲಿಲ್ಲ, ಪೇಶಂಟರೇ ಒಯ್ಯುತ್ತಿದ್ದರು.

ಸಂಜೆ ಅವನ ಮನೆಗೆ ಹೋದೆ. ಹೆಂಡತಿ ಜೈತೂನ್ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಓಣಿಯ ಕುಪ್ಪಸವೆಲ್ಲ ಅವಳೇ ಹೊಲಿಯುವುದು.

"ಹಳೇ ಫೋಟೋ ಅದಾವೇನು ಜೈತೂನ್? ಸುಮ್ನ ನೋಡಾಕ," ಅಂದೆ. ಸುಮ್ಮನೆಯಂತೆ!

ಅವಳು ಒಂದು ಡಬ್ಬಿ ತೆರೆದಳು. ಎದೆಯ ಫಿಲ್ಮನ್ನು ಕತ್ತರಿಸಿ ಕುಪ್ಪಸದ ಕೊರಳು, ತೋಳಿನ ಅಳತೆಯ ಮಾದರಿಗಳನ್ನು ಮಾಡಿಕೊಂಡಿದ್ದಳು. ಒಂದು ಕೊರಳಪಟ್ಟಿಯ ತುದಿಯಲ್ಲಿ ನನ್ನ ತಂತಿಯ ಉಂಗುರ ಕಾಣುತ್ತಿತ್ತು. 

"ಹೊಟ್ಟೀದು?"

"ಅದು ಬಚ್ಚಲ ಕಿಟಕ್ಯಾಗ ಐತ್ರಿ. ಕಾಜ ಒಡದಿತ್ತು, ಬಾಜೂ ಮನ್ಯಾರಿಗೆ ಕಾಣತಿತ್ತು, ಅದಕ ಹೊಡದೇನಿ."

ಬಚ್ಚಲಿಗೆ ಹೋದೆ. ಪಡುವಣ ಬಿಸಿಲು ಕಿಟಕಿಯ ಮೇಲೆ ಬಿದ್ದು ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಹೇಬ್ರು ಅಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಬಾಬಾಲಾಲನ ಸೊಂಟದ ಎಲುಬು, ಬೆಳ್ಳಗಿನ ಚೀಲ, ಅದರಲ್ಲಿ ಕಪ್ಪು ಕಲೆ, ಸುತ್ತ ಕೆಂಪು ಗೆರೆ, ಬಾಜೂಕ್ಕೆ ನನ್ನ ದುಂಡಗಿನ ಅಕ್ಷರ. ಇಕ್ಕಳದಿಂದ ನಾಲ್ಕು ಮೊಳೆ ಕಿತ್ತು ಕೆಳಗಿಳಿಸಿದೆ. ಮೇಣದ ಪೆನ್ಸಿಲು ಒಣ ಬಟ್ಟೆಯಿಂದ ಗಟ್ಟಿಯಾಗಿ ತಿಕ್ಕಿದರೆ ಹೋಗುತ್ತದೆ. ಗಡ್ಡೆ ಉಳಿಯುತ್ತದೆ, ಅಕ್ಷರ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಸೆರಗು ಕೈಗೆ ತೆಗೆದುಕೊಂಡೆ. ಗೆರೆಯ ಒಂದು ತುದಿ ತಿಕ್ಕಿಯೂ ಬಿಟ್ಟೆ.

"ಏನ ಒರಸಾಕತ್ತೀರಿ ಅಕ್ಕೋರ?" ಬಾಗಿಲಲ್ಲಿ ಬಾಬಾಲಾಲ ನಿಂತಿದ್ದ, ಕೈಯಲ್ಲಿ ಉಚ್ಚೆಯ ನಳಿಗೆಯ ಚೀಲ ಹಿಡಿದುಕೊಂಡು.

ಹೇಳಿದೆ. ನೀರಿನ ಹಂಡೆಯ ಬಾಜೂ ನಿಂತು ಎಲ್ಲ ಹೇಳಿದೆ, ಸಾಹೇಬ್ರ ಅವಸರ, ಸಂತೆಯ ಗದ್ದಲ ಯಾವುದರ ಮೇಲೂ ಹಾಕದೆ. ಹಾಕಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅವನು ಫಿಲ್ಮನ್ನು ಕೈಗೆ ತೆಗೆದುಕೊಂಡ. "ಮೂರ ವರ್ಷ ಇದನ್ನ ನೋಡಕೋತ ಜಳಕಾ ಮಾಡೇನ್ರಿ," ಎಂದ. "ದಿನಾ. ಚರ್ಮ, ಚರ್ಮ ಅಂತ ಓದಕೋತ."

ಜೈತೂನ್ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡು ಹಿಂದೆ ನಿಂತು ಎಲ್ಲ ಕೇಳಿದ್ದಳು. "ನಿಮ್ಮ ಕೈ ಸೇದಿ ಹೋಗಲಿ," ಎಂದು ನನ್ನನ್ನು ಶಪಿಸಿದಳು. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು, "ಈಗ ಇದರಿಂದ ಏನರ ಉಪಯೋಗ ಐತೇನು?"

"ಇರಬೌದು."

"ಇದ್ದರ ತಗೊಂಡ ನಡೀರಿ. ಉಳದದ್ದು ಆಮ್ಯಾಲ ಬೈತೇನಿ."

ಮರುದಿನ ಮೂವರೂ ಬೆಳಗಾವಿಗೆ ಹೋದೆವು. ಸರ್ಜನ್ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ನಾಲ್ಕು ಮೂಲೆಯ ಮೊಳೆಯ ತೂತುಗಳಲ್ಲಿ ಬೆಳಕು ಬರುವುದನ್ನು ನೋಡಿ, "ಎಲ್ಲಿತ್ತಿದು?" ಎಂದರು.

"ಬಚ್ಚಲದಾಗ್ರಿ," ಎಂದಳು ಜೈತೂನ್.

"ಚರ್ಮ ಅಂತ ಬರದ ಮಹಾನುಭಾವರು ಯಾರು?"

ಬಾಬಾಲಾಲ ಗೋಡೆ ನೋಡತೊಡಗಿದ. ನನ್ನ ಹೆಸರು ಅವನ ಬಾಯಿಂದ ಬರಲಿಲ್ಲ. "ನಾನ ರಿ," ಅಂದೆ.

ಆಮೇಲಿನ ಐದು ನಿಮಿಷ ಅವರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹೊರಗೆ ಕೂತ ಪೇಶಂಟರೆಲ್ಲ ಕೇಳಿದ್ದಾರೆ, ಅಷ್ಟು ಸಾಕು. ಒಂದು ಮಾತು ಮಾತ್ರ ಬರೆಯುತ್ತೇನೆ. "ಆವಾಗ ಬಂದಿದ್ರ ಎಡಾ ಕಿಡ್ನಿ ಉಳೀತಿತ್ತು," ಎಂದರು. ಬೈಗುಳಗಳೆಲ್ಲ ಮರೆತಿವೆ, ಇದು ಮರೆತಿಲ್ಲ.

ಬೈದು ಮುಗಿಸಿ ಅವರು ಅಳತೆಪಟ್ಟಿ ಇಟ್ಟು ಹಳೆಯ ಫಿಲ್ಮು, ಹೊಸ ಸ್ಕ್ಯಾನು ಎರಡನ್ನೂ ಅಳೆದರು. ಮತ್ತೊಮ್ಮೆ ಅಳೆದರು. ಬಾಬಾಲಾಲನ ಅಂಗಿ ಬಿಚ್ಚಿಸಿ ಗಂಟುಗಳನ್ನು ಒತ್ತಿ ಒತ್ತಿ ನೋಡಿದರು. ಧ್ವನಿ ಇಳಿಯಿತು. "ಭಾಳ ಬೆಳದಿಲ್ಲ ಇದು," ಎಂದರು. "ಈ ಜಡ್ಡಿನ್ಯಾಗ ನರದ ಮ್ಯಾಲೆ ಗಂಟ ಬರ್ತಾವ. ಚರ್ಮದಾಗ ಬಂದಂಗ ಒಳಗೂ ಬರಬೌದು. ಮೂತ್ರಚೀಲದಾಗ ಅಂತೂ ಭಾಳ ಅಪರೂಪ, ನಾ ಬರೇ ಓದೇನಿ, ನೋಡಿಲ್ಲ. ಆಳದಿಂದ ಇನ್ನೊಂದ ಚೂರ ತಗೀತೇನಿ. ಅದರ ರಿಪೋರ್ಟ್ ಬರೂತನಕ ಆಪರೇಷನ್ ಬ್ಯಾಡ."

ಆ ರಿಪೋರ್ಟ್ ಬರುವ ತನಕ ನಾನು ಊಟ ಮಾಡಿದ್ದು ಸುಳ್ಳು. ಬಂತು. ಕ್ಯಾನ್ಸರಲ್ಲ, ನರದ ಗಂಟು. ಮೈಮೇಲಿದ್ದವುಗಳ ಒಡಹುಟ್ಟೇ. ಮೂತ್ರಚೀಲ ತೆಗೆಯುವುದು ಬೇಡ ಎಂದರು. ಬಲ ಕಿಡ್ನಿಯ ದಾರಿ ತೆರೆದಿರಲು ಒಳಗೊಂದು ಸಣ್ಣ ಕೊಳವೆ ಇಟ್ಟರು. ದಿನಕ್ಕೆ ನಾಲ್ಕು ಸಲ ತಾನೇ ನಳಿಗೆ ಹಾಕಿ ಮೂತ್ರ ತೆಗೆದುಕೊಳ್ಳುವುದನ್ನು ಬಾಬಾಲಾಲನಿಗೆ ಕಲಿಸಿದರು. ಇಂಥ ಗಂಟು ಎಂದಾದರೊಮ್ಮೆ ಕೆಡಬಹುದು, ವರ್ಷವರ್ಷ ಬಂದು ತೋರಿಸಬೇಕು ಅಂತ ತಾಕೀತು ಮಾಡಿದರು.

ನನ್ನ ಗಂಡ ಸಮಾಧಾನ ಹೇಳಿದ. "ಆವಾಗ ಕಂಡಿದ್ರ ಚೀಲಾನ ಕೊಯ್ದ ಒಗೀತಿದ್ರು. ನಿನ್ನ ತಪ್ಪಿನಿಂದ ಉಳೀತು ನೋಡು," ಎಂದ. ಒಳ್ಳೆಯ ಮಾತು, ಕೇಳಲು ಹಿತ. ನಾನು ಒಪ್ಪಲಿಲ್ಲ. ಒಂದು ಕಿಡ್ನಿ ಹೋಗಿದೆ, ಅದು ನನ್ನದಲ್ಲ ಅವನದು.

ಎರಡು ತಿಂಗಳಿಗೆ ಬಾಬಾಲಾಲ ಬಸ್ಸಿಗೆ ಮರಳಿದ. ದಾರಿಯಲ್ಲಿ ಎಲ್ಲೂ ಸೀಟಿ ಊದುವುದಿಲ್ಲ, ಎರಡೂ ಊರಿನ ಸ್ಟ್ಯಾಂಡಿನಲ್ಲಿ ಪಾಯಖಾನೆಗೆ ಹೋಗಿ ಕೆಲಸ ಮುಗಿಸಿ ಬರುತ್ತಾನೆ. ಹಳೆಯ ಚೇಷ್ಟೆ ಶುರುವಾಯಿತು, ಬಸ್ಸು ನಗತೊಡಗಿತು. ನಾನು ಹತ್ತಿದ ಮೊದಲ ದಿನ ಹತ್ತಿರ ಬಂದು ನಿಂತು, ಟಿಕೆಟ್ ಯಂತ್ರ ನೋಡುತ್ತ, "ಎಲ್ಲಿಗೆ ರಿ?" ಎಂದ.

ಅಷ್ಟು ವರ್ಷ ಆ ಬಸ್ಸಿನಲ್ಲಿ ನಾನು ಮೂಡಲಗಿ ಬಿಟ್ಟು ಬೇರೆಲ್ಲಿಗೂ ಹೋದವಳಲ್ಲ. "ಮೂಡಲಗಿ," ಅಂದೆ. ಟಿಕೆಟ್ ಕೊಟ್ಟು ಮುಂದೆ ಹೋದ. ವಾರಕ್ಕೆ ಎರಡು ದಿನ, ಐದಾರು ತಿಂಗಳು, ಪ್ರತಿ ಸಲವೂ "ಎಲ್ಲಿಗೆ ರಿ?" ಪ್ರತಿ ಸಲವೂ "ಮೂಡಲಗಿ." ಒಳಗೊಳಗೇ ಸಿಟ್ಟು ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಬೇರೆ ಬಸ್ಸಿಗೆ ಹೋಗಬಹುದಿತ್ತು, ಹೋಗಲಿಲ್ಲ.

ನನ್ನ ನೌಕರಿಯ ಕೊನೆಯ ತಿಂಗಳು. ಅರಭಾವಿಯಲ್ಲಿ ಕಾಲೇಜಿನವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಬಾಬಾಲಾಲ ಬಂದು ನನ್ನ ಎದುರಿನ ಸೀಟಿನಲ್ಲಿ ಕೂತ. 

"ಆಸ್ಮಾಗ ಈಗ ಎಂಟ ವರ್ಷ," ಎಂದ. ಆಸ್ಮಾ ಅವನ ಮಗಳು. "ಆಕಿ ಬೆನ್ನ ಮ್ಯಾಲೆ ಕಂದು ಕಲೆ ಅದಾವ್ರಿ. ಏಳು. ಬಗಲಾಗ ಸಣ್ಣ ಸಣ್ಣ ಚುಕ್ಕಿ. ಜೈತೂನ್ ಇನ್ನೂ ಎಣಿಸಿಲ್ಲ, ನಾ ಎಣಿಸೇನಿ." ಟಿಕೆಟ್ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡ. "ಒಮ್ಮೆ ನೋಡ್ರಿ ಅಕ್ಕೋರ. ನೋಡಿ ಏನೂ ಇಲ್ಲ ಅಂತ ಹೇಳ್ರಿ."

ಹೇಳುವುದು ನನಗೆ ಕಷ್ಟವಿರಲಿಲ್ಲ. ಮೂವತ್ತು ವರ್ಷ ಅಂಥ ಮಾತು ಎಷ್ಟು ಜನಕ್ಕೆ ಹೇಳಿದ್ದೇನೆ! ಅವನ ಮುಖ ನೋಡಿದರೆ ಹೇಳಿಬಿಡಬೇಕು ಅನಿಸಿತು.

"ನನಗ ಗೊತ್ತಾಗೂದಿಲ್ಲ ಬಾಬಾಲಾಲ," ಅಂದೆ. "ಗೊತ್ತಿದ್ದಾರ ಕಡೆ ತೋರಸೂಣು. ನಾ ಜೋಡಿ ಬರ್ತೇನಿ."

ಅವನು ನನ್ನನ್ನೇ ನೋಡಿದ. ಬಹಳ ದಿನದ ಮೇಲೆ ನೇರವಾಗಿ ನೋಡಿದ.

"ಈ ಮಾತ ಆವತ್ತ ಅಂದಿದ್ರ ಆಗತಿತ್ತಲ್ರಿ," ಎಂದ. ಸಿಟ್ಟಿರಲಿಲ್ಲ ಅದರಲ್ಲಿ.

"ಆಗತಿತ್ತು," ಅಂದೆ.

ಅವನು ಎದ್ದು, ಆಸ್ಮಾಳನ್ನು ಬೆಳಗಾವಿಗೆ ಒಯ್ಯಲು ಗುರುವಾರಕ್ಕೆ ರಜೆ ಹಾಕುತ್ತೇನೆಂದು ಹೇಳಿ, ಮುಂದಿನ ಸ್ಟಾಪಿನಲ್ಲಿ ಹತ್ತಿದವರಿಗೆ ಟಿಕೆಟ್ ಕೊಡಲು ಹೋದ.